ನಾತಾನನ ಮಾತು ಯಾರಿಗೆ? ಡೇವಿಡ್ ಶುಲ್ಮನ್ ಅವರ ಎರಡು ದಿನಚರಿಗಳ ಓದು

ಕಳೆದ ತಪಸ್ಸುಕಾಲದ ಒಂದು ಭಾನುವಾರ ಶ್ರೀರಂಗಪಟ್ಟಣದ ಕಡೆಯ ಧರ್ಮಕೇಂದ್ರವೊಂದಕ್ಕೆ ಬಲಿಪೂಜೆ ಅರ್ಪಿಸಲು ಹೋಗಿದ್ದೆ. ಪೂಜೆ ಮುಗಿದ ಮೇಲೆ, ಚಿನಕುರಳಿಯ ಕಡೆಯಿಂದ ಬಂದಿದ್ದ ಹಿರಿಯರೊಬ್ಬರು ದೇವಾಲಯದ ಬಾಗಿಲ ಬಳಿ ನನಗಾಗಿ ಕಾದು ನಿಂತಿದ್ದರು. "ಸ್ವಾಮ್ಯೋರೆ, ಕೀರ್ತನೇಲಿ ನಾವು ಹಾಡೋ ಇಸ್ರಯೇಲು, ಟೀವೀಲಿ ಬಾಂಬ್ ಹಾಕೋ ಇಸ್ರೇಲು, ಎಲ್ಡೂ ಒಂದೇಯಾ?" ಎಂದು ಕೇಳಿದರು. ಗುರುಮಠದ ತರಗತಿಯಲ್ಲಿ ನಾನು ಕೊಡುವ ಉತ್ತರವನ್ನೇ ಕೊಟ್ಟೆ: ಕೀರ್ತನೆಯ ಇಸ್ರಯೇಲ್ ದೇವರು ಒಡಂಬಡಿಕೆ ಮಾಡಿಕೊಂಡ ಜನಾಂಗ, ದೂರದರ್ಶನದ ಇಸ್ರೇಲ್ 1948ರಲ್ಲಿ ಸ್ಥಾಪನೆಯಾದ ಒಂದು ಆಧುನಿಕ ರಾಷ್ಟ್ರ, ಎರಡನ್ನೂ ಒಂದೇ ಎನ್ನಲಾಗದು. ಅವರು ತಲೆಯಾಡಿಸಿ ಮತ್ತೆ ಕೇಳಿದರು: "ಹಂಗಾರೆ ಆ ಜನದೊಳಗೇ ಯಾರೂ ಇದು ತಪ್ಪು ಅನ್ನಾಕಿಲ್ವಾ?" ಅನ್ನುವವರು ಬಹಳ ಮಂದಿ ಇದ್ದಾರೆ ಎಂದೆ. "ಅಂಥೋರ ವಿಷ್ಯ ನಮಗ್ಯಾಕೆ ಹೇಳಾಕಿಲ್ಲ ನೀವು?" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಆ ಮೂರನೆಯ ಪ್ರಶ್ನೆಗೆ ತಡವಾಗಿ ಉತ್ತರಿಸುವ ಪ್ರಯತ್ನವಾಗಿ, ಯೆಹೂದ್ಯ ಲೇಖಕರೊಬ್ಬರ ಎರಡು ಪುಸ್ತಕಗಳನ್ನು ಇಲ್ಲಿ ಪರಿಶೀಲಿಸುತ್ತೇನೆ. ಅವನ್ನು ಮೆಚ್ಚುವುದು ಸುಲಭ. ಆದರೆ ಕ್ರೈಸ್ತ ಓದುಗ ಅವನ್ನು ಹೇಗೆ ಮೆಚ್ಚಬೇಕು ಎಂಬುದು ಸುಲಭದ ಪ್ರಶ್ನೆಯಲ್ಲ.

ಲೇಖಕ ಮತ್ತು ಕೃತಿಗಳು

ಡೇವಿಡ್ ಶುಲ್ಮನ್ ದಕ್ಷಿಣ ಭಾರತದ ವಿದ್ವಾಂಸರಿಗೆ ಹೊಸಬರಲ್ಲ. 1949ರಲ್ಲಿ ಅಮೆರಿಕದ ಅಯೋವಾ ರಾಜ್ಯದಲ್ಲಿ ಹುಟ್ಟಿ, ಯೌವನದಲ್ಲಿಯೇ ಇಸ್ರೇಲಿಗೆ ಹೋಗಿ ನೆಲೆಸಿ, ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲ ಬೋಧಿಸಿದವರು. ತಮಿಳು, ತೆಲುಗು, ಸಂಸ್ಕೃತ ಸಾಹಿತ್ಯಗಳ ಬಗ್ಗೆ ಅವರು ಬರೆದ ಗ್ರಂಥಗಳು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಓದಲ್ಪಡುತ್ತವೆ. ವೇಲ್ಚೇರು ನಾರಾಯಣ ರಾವ್ ಮತ್ತು ಸಂಜಯ್ ಸುಬ್ರಹ್ಮಣ್ಯಂ ಅವರೊಡನೆ ಬರೆದ, ದಕ್ಷಿಣ ಭಾರತದ ಇತಿಹಾಸ ಬರವಣಿಗೆಯನ್ನು ಕುರಿತ ಕೃತಿ ಅವುಗಳಲ್ಲೊಂದು. 2016ರಲ್ಲಿ ತಮಗೆ ಬಂದ ಇಸ್ರೇಲ್ ಪ್ರಶಸ್ತಿಯ ಹಣವನ್ನು ಅವರು 'ತಾಯುಷ್' ಎಂಬ ಸಂಘಟನೆಗೆ ಕೊಟ್ಟುಬಿಟ್ಟರು. ಅರಬ್ಬಿಯಲ್ಲಿ ಆ ಪದಕ್ಕೆ ಕೂಡಿ ಬಾಳುವುದು ಎಂಬ ಅರ್ಥವಿದೆ. 2000ದ ಕೊನೆಯಲ್ಲಿ, ಎರಡನೆಯ ಇಂತಿಫಾದಾ ಆರಂಭವಾದ ದಿನಗಳಲ್ಲಿ, ಯೆಹೂದ್ಯರೂ ಅರಬರೂ ಜೊತೆಗೂಡಿ ಕಟ್ಟಿದ ಅಹಿಂಸಾತ್ಮಕ ಸಂಘಟನೆ ಅದು. ಅದರ ಕಾರ್ಯಕರ್ತರಾಗಿ ಶುಲ್ಮನ್ ಕಂಡುಂಡದ್ದರ ದಾಖಲೆಯೇ ಈ ಎರಡು ದಿನಚರಿಗಳು: 2007ರ 'ಡಾರ್ಕ್ ಹೋಪ್' ಹಾಗೂ 2018ರ 'ಫ್ರೀಡಮ್ ಅಂಡ್ ಡಿಸ್ಪೇರ್'. ಮೊದಲನೆಯದರ ಹೆಸರಿಗೆ ಕತ್ತಲೆಯೊಳಗಿನ ಭರವಸೆ ಎಂದೂ ಎರಡನೆಯದಕ್ಕೆ ಸ್ವಾತಂತ್ರ್ಯ ಮತ್ತು ಹತಾಶೆ ಎಂದೂ ಕನ್ನಡದಲ್ಲಿ ಹೇಳಬಹುದು.

ಎರಡು ಕೃತಿಗಳಲ್ಲಿಯೂ ಮತ್ತೆ ಮತ್ತೆ ಬರುವ ನೆಲ ಪಶ್ಚಿಮ ದಂಡೆಯ ದಕ್ಷಿಣ ಹೆಬ್ರೋನ್ ಬೆಟ್ಟಸಾಲು. ಮಳೆ ಕಡಿಮೆ, ಕಲ್ಲು ಹೆಚ್ಚು. ಗುಹೆಗಳಲ್ಲಿಯೂ ಗುಡಾರಗಳಲ್ಲಿಯೂ ವಾಸಿಸುತ್ತ ಕುರಿ ಮೇಯಿಸಿ, ಬಾರ್ಲಿ ಬಿತ್ತಿ ಬದುಕುವ ಪ್ಯಾಲೆಸ್ತೀನಿಯರ ನಾಡು ಅದು. ಅಲ್ಲಿಯ ಸುಸಿಯಾ ಎಂಬ ಊರಿನಲ್ಲಿ ಪ್ರಾಚೀನ ಯೆಹೂದ್ಯ ಸಭಾಮಂದಿರದ ಅವಶೇಷ ದೊರೆತ ಕಾರಣ, 1986ರಲ್ಲಿ ಅದನ್ನು ಪುರಾತತ್ವ ತಾಣವೆಂದು ಘೋಷಿಸಿ ನಿವಾಸಿಗಳನ್ನು ಹೊರಹಾಕಲಾಯಿತು. ಸಮೀಪದ ಮಸಾಫರ್ ಯತ್ತಾ ಪ್ರದೇಶವನ್ನು ಸೈನ್ಯ ತನ್ನ ಗುಂಡಿನ ಅಭ್ಯಾಸದ ವಲಯವೆಂದು ಗುರುತಿಸಿತು. 1999ರಲ್ಲಿ ಹೊರದೂಡಲ್ಪಟ್ಟ ಸುಮಾರು 700 ಮಂದಿ ನ್ಯಾಯಾಲಯದ ಮಧ್ಯಂತರ ಆದೇಶದಿಂದ ಹಿಂದಿರುಗಿದರು. ಎರಡು ದಶಕಗಳ ವ್ಯಾಜ್ಯದ ನಂತರ, 2022ರ ಮೇ 4ರಂದು, ಇಸ್ರೇಲಿನ ಸರ್ವೋಚ್ಚ ನ್ಯಾಯಾಲಯ ಅವರ ಅರ್ಜಿಯನ್ನು ತಳ್ಳಿಹಾಕಿತು. ಸಾವಿರಕ್ಕೂ ಹೆಚ್ಚು ಜನರ ತೆರವಿಗೆ ಕಾನೂನಿನ ಅಡ್ಡಿ ಇಲ್ಲವಾಯಿತು.

'ಡಾರ್ಕ್ ಹೋಪ್'ನ ಒಂದು ಪ್ರಸಂಗವನ್ನು ಮಂಡ್ಯ ಜಿಲ್ಲೆಯ ಓದುಗರು ಬೇಗ ಅರ್ಥಮಾಡಿಕೊಂಡಾರು. 2005ರಲ್ಲಿ ತುವಾನಿ ಎಂಬ ಊರಿನ ಹುಲ್ಲುಗಾವಲಿನಲ್ಲಿ ಯಾರೋ ವಿಷ ಬೆರೆಸಿದ ಕಾಳು ಚೆಲ್ಲಿದ್ದರು. ಕುರಿಗಳು ಸತ್ತವು. ಶುಲ್ಮನ್ ಮತ್ತು ಗೆಳೆಯರು ಕಲ್ಲು ಮುಳ್ಳುಗಳ ನಡುವೆ ಬಾಗಿ ಆ ಕಾಳನ್ನು ಒಂದೊಂದಾಗಿ ಹೆಕ್ಕಿದರು. ಕಟಾವಾದ ಗದ್ದೆಯಲ್ಲಿ ಕುರಿಮಂದೆ ಬಿಟ್ಟು ಗೊತ್ತಿರುವವರಿಗೆ ಈ ಕೆಲಸದ ಗುರುತ್ವ ತಿಳಿಯುತ್ತದೆ. ಜಗತ್ಪ್ರಸಿದ್ಧ ಪ್ರಾಧ್ಯಾಪಕರೊಬ್ಬರು, ತಮ್ಮ ಜನರಲ್ಲೇ ಯಾರೋ ಚೆಲ್ಲಿದ ವಿಷವೆಂಬ ಸಂಕಟದೊಡನೆ, ಪರಜನರ ಕುರಿಗಾಗಿ ನೆಲ ಹುಡುಕುತ್ತಿದ್ದಾರೆ. ಆ ಬೆಳಿಗ್ಗೆ ಅಲ್ಲಿ ಆಗಬೇಕಾಗಿದ್ದ ಕೆಲಸ ಅದು, ಮಾಡಿದರು.

ಈ ಬಗೆಯ ನಡೆ ಶುಲ್ಮನ್ ಅವರಿಂದ ಆರಂಭವಾದುದೂ ಅಲ್ಲ. 1925ರಷ್ಟು ಹಿಂದೆಯೇ ಜೆರುಸಲೇಮಿನಲ್ಲಿ 'ಬ್ರಿತ್ ಶಾಲೋಮ್' ಎಂಬ ಯೆಹೂದ್ಯ ಬಳಗ ಅರಬರೊಡನೆ ಸಮಾನತೆಯ ಬಾಳನ್ನು ಬಯಸಿತ್ತು. ತತ್ವಜ್ಞಾನಿ ಮಾರ್ಟಿನ್ ಬೂಬರ್ ಆ ವಿಚಾರದ ದೊಡ್ಡ ದನಿಯಾಗಿದ್ದರು. 1967ರ ಯುದ್ಧದ ಬೆನ್ನಲ್ಲೇ, ಕಟ್ಟಾ ಧರ್ಮನಿಷ್ಠ ಯೆಹೂದ್ಯರಾಗಿದ್ದ ಯೆಶಾಯಾಹು ಲೈಬೊವಿಚ್, ಪರಜನರನ್ನು ಆಳುವುದು ಆಳುವವರನ್ನೇ ಕೆಡಿಸುತ್ತದೆಂದು ಎಚ್ಚರಿಸಿದರು. 1988ರಲ್ಲಿ 'ಮಾನವ ಹಕ್ಕುಗಳಿಗಾಗಿ ರಬ್ಬಿಗಳು' ಎಂಬ ಸಂಘಟನೆ ಹುಟ್ಟಿತು. 2007ರಿಂದ ಗಾಜಾ ಪಟ್ಟಿಯ ಸುತ್ತ ಬಿಗಿದ ದಿಗ್ಬಂಧನವನ್ನು ವಿರೋಧಿಸಿ ಬೀದಿಗಿಳಿದವರಲ್ಲಿಯೂ ಯೆಹೂದ್ಯರಿದ್ದರು. 2023ರ ಅಕ್ಟೋಬರ್ 27ರಂದು ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಕದನವಿರಾಮ ಬೇಡಿ ಕುಳಿತು ಬಂಧಿತರಾದ ನೂರಾರು ಜನ ಅಂಥವರೇ. ಹಿರಿಯರ ಪ್ರಶ್ನೆಗೆ ಆ ದಿನವೇ ನಾನು ಇಷ್ಟನ್ನಾದರೂ ಹೇಳಬಹುದಾಗಿತ್ತು.

ಕೃತಿಯ ಸತ್ವ, ಕೃತಿಯ ಮಿತಿ

ಶುಲ್ಮನ್ ಅವರ ಬರಹದ ಮೊದಲ ಗುಣ ಅದು ವೀರಗಾಥೆಯಾಗಲು ಒಲ್ಲದಿರುವುದು. ಸೈನಿಕ ಬಂದು ಆ ಜಾಗವನ್ನು ನಿರ್ಬಂಧಿತ ಸೇನಾ ವಲಯವೆಂದು ಸಾರುವ ಕಾಗದ ತೋರಿಸುತ್ತಾನೆ, ಕಾರ್ಯಕರ್ತರು ವಾದಿಸುತ್ತಾರೆ, ಕೆಲವೊಮ್ಮೆ ಬಂಧನಕ್ಕೊಳಗಾಗುತ್ತಾರೆ, ಮರುವಾರ ಮತ್ತೆ ಬರುತ್ತಾರೆ. ಒಮ್ಮೆ ಒಂದು ಬಾವಿ ತೆರೆಯುತ್ತದೆ, ಒಮ್ಮೆ ಒಂದು ಹೊಲದಲ್ಲಿ ಬಿತ್ತನೆಯಾಗುತ್ತದೆ. ಗೆಲುವುಗಳು ಅಷ್ಟು ಸಣ್ಣವು. ಎರಡನೆಯ ಪುಸ್ತಕದ ಹೊತ್ತಿಗೆ, ಪರಿಸ್ಥಿತಿ ಸುಧಾರಿಸೀತೆಂಬ ನಂಬಿಕೆಯನ್ನೂ ಲೇಖಕರು ಬಹುಪಾಲು ಬಿಟ್ಟುಕೊಟ್ಟಿದ್ದಾರೆ. ಫಲದ ಆಸೆ ಕಳಚಿಬಿದ್ದ ಮೇಲೂ, ಮಾಡತಕ್ಕದ್ದನ್ನು ಮಾಡುವುದರಲ್ಲಿ ಮನುಷ್ಯನಿಗೊಂದು ಬಿಡುಗಡೆಯಿದೆ ಎಂಬುದು ಅವರ ನಿಲುವು. ನಮ್ಮ ನಾಡಿನ ಓದುಗನಿಗೆ ಗೀತೆಯ ನಿಷ್ಕಾಮ ಕರ್ಮ ನೆನಪಾಗದಿರದು.

ಇಲ್ಲಿಯೇ ಕೃತಿಯ ಮೊದಲ ಮಿತಿಯೂ ಇದೆ. ಈ ಬಿಡುಗಡೆ ಯಾರದು? ಸಂಜೆಯಾದೊಡನೆ ಜೆರುಸಲೇಮಿನ ಮನೆಗೆ ಮರಳುವ ಕಾರ್ಯಕರ್ತನದು. ಕುರುಬನಿಗೆ ಬೇಕಾದದ್ದು ಮೇವಿನ ನೆಲ, ಬಾವಿಯ ನೀರು, ರಾತ್ರಿ ಭಯವಿಲ್ಲದ ನಿದ್ದೆ. ಸಹಾಯಕನ ಆತ್ಮಶುದ್ಧಿ ಅವನಿಗೆ ಬೇಕಾದುದಲ್ಲ. ಈ ವ್ಯತ್ಯಾಸವನ್ನು ಶುಲ್ಮನ್ ಬಲ್ಲರು, ಅದರಿಂದ ಮುಜುಗರಪಡುತ್ತಾರೆ ಕೂಡ. ಆದರೂ ದಿನಚರಿ ಎಂಬ ಪ್ರಕಾರದಲ್ಲಿ 'ನಾನು' ಎಂಬುವನೇ ಕೇಂದ್ರದಲ್ಲಿರುತ್ತಾನೆ. ಪ್ಯಾಲೆಸ್ತೀನಿಯರ ಮಾತು ನಮಗೆ ಅವನ ಕಿವಿಯ ಮೂಲಕವೇ ತಲುಪುತ್ತದೆ. ಇದೇ ಮಸಾಫರ್ ಯತ್ತಾವನ್ನು ಕುರಿತು ಪ್ಯಾಲೆಸ್ತೀನಿನ ಬಾಸೆಲ್ ಅದ್ರಾ, ಹಮ್ದಾನ್ ಬಲ್ಲಾಲ್ ಮತ್ತು ಇಸ್ರೇಲಿನ ಯುವಾಲ್ ಅಬ್ರಹಾಂ, ರೇಚಲ್ ಸೋರ್ ಒಟ್ಟಾಗಿ ನಿರ್ದೇಶಿಸಿದ 'ನೋ ಅದರ್ ಲ್ಯಾಂಡ್' ಸಾಕ್ಷ್ಯಚಿತ್ರ 2025ರಲ್ಲಿ ಆಸ್ಕರ್ ಪಡೆಯಿತು. ಅಲ್ಲಿ ಮನೆ ಕಳೆದುಕೊಳ್ಳುವವನೇ ಕಥೆ ಹೇಳುತ್ತಾನೆ. ಶುಲ್ಮನ್ ಅವರನ್ನು ಓದುವವರು ಅದನ್ನೂ ನೋಡತಕ್ಕದ್ದು.

ಎರಡನೆಯ ಮಿತಿ ದೈವಶಾಸ್ತ್ರದ್ದು. ಹತಾಶೆಯೊಳಗೂ ನಿಲ್ಲುವ ಈ ಕರ್ತವ್ಯನಿಷ್ಠೆಗೆ ಕ್ರೈಸ್ತನು ಏನು ಹೇಳಬೇಕು? ಸಂತ ಪೌಲರು ರೋಮನರಿಗೆ ಬರೆದ ಪತ್ರದ 8ನೆಯ ಅಧ್ಯಾಯದಲ್ಲಿ, ಕಾಣದುದನ್ನು ನಿರೀಕ್ಷಿಸುವುದೇ ನಿರೀಕ್ಷೆ ಎಂದು ಬೋಧಿಸುತ್ತಾರೆ. ಆ ನಿರೀಕ್ಷೆ ಶುಲ್ಮನ್ ಅವರಲ್ಲಿ ಇಲ್ಲ. ಇದೆಯೆಂದು ಅವರು ನಟಿಸುವುದೂ ಇಲ್ಲ. ಆದರೆ ಇದನ್ನು ಅವರ ಕೊರತೆಯೆಂದು ಎಣಿಸುವ ಮೊದಲು ನಮ್ಮ ಪ್ರಬೋಧನೆಗಳನ್ನು ನೋಡಿಕೊಳ್ಳೋಣ. ಎಲ್ಲವೂ ದೇವರ ಚಿತ್ತ, ಕೊನೆಗೆ ಒಳ್ಳೆಯದಾಗುತ್ತದೆ ಎಂದು ಎಷ್ಟು ಸಾವಿನ ಮನೆಗಳಲ್ಲಿ, ಎಷ್ಟು ಅನ್ಯಾಯಗಳ ಎದುರಿನಲ್ಲಿ ನಾವು ಅಗ್ಗವಾಗಿ ಹೇಳಿಲ್ಲ? ಕೈ ಕೊಳೆಯಾಗದ ನಿರೀಕ್ಷೆಗಿಂತ, ವಿಷದ ಕಾಳು ಹೆಕ್ಕುವ ಹತಾಶೆ ಶುಭಸಂದೇಶಕ್ಕೆ ಹತ್ತಿರವಿದೆ ಎಂದೇ ನನ್ನ ಅಭಿಪ್ರಾಯ.

ನಾತಾನ, ದಾವೀದ ಮತ್ತು ನಾವು

ಈಗ ಮುಖ್ಯ ಪ್ರಶ್ನೆಗೆ ಬರೋಣ. ಸಮುವೇಲನ ಎರಡನೆಯ ಗ್ರಂಥದ 12ನೆಯ ಅಧ್ಯಾಯದಲ್ಲಿ ಪ್ರವಾದಿ ನಾತಾನನು ಅರಸ ದಾವೀದನಿಗೆ ಒಂದು ಕಥೆ ಹೇಳುತ್ತಾನೆ. ಹಿಂಡುಗಳ ಒಡೆಯನಾದ ಧನಿಕನೊಬ್ಬ ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಳ್ಳುತ್ತಾನೆ. ಕಥೆ ಕೇಳಿದ ದಾವೀದ ಕೋಪದಿಂದ ಕುದಿಯುತ್ತಾನೆ, ಅಂಥವನಿಗೆ ಮರಣವೇ ತಕ್ಕದ್ದೆಂದು ತೀರ್ಪನ್ನೂ ಕೊಡುತ್ತಾನೆ. ಆ ಕ್ಷಣದಲ್ಲಿ ಅವನ ನ್ಯಾಯಪ್ರಜ್ಞೆ ನಿಜವಾದದ್ದೇ. ಅದು ಬೇರೊಬ್ಬನ ಮೇಲೆ ತಿರುಗಿದೆ, ಅಷ್ಟೆ. ಆ ಮನುಷ್ಯ ನೀನೇ ಎಂದು ನಾತಾನ ಹೇಳಿದಾಗ ಮಾತ್ರ ಕಥೆ ಮುಟ್ಟಬೇಕಾದಲ್ಲಿಗೆ ಮುಟ್ಟುತ್ತದೆ.

ಕ್ರೈಸ್ತರಾದ ನಾವು ಯೆಹೂದ್ಯ ಪ್ರವಾದಿಗಳನ್ನು ಶತಮಾನಗಳ ಕಾಲ ಓದಿದ್ದು ಬಹುಮಟ್ಟಿಗೆ ಕಥೆಯ ಮೊದಲರ್ಧದ ದಾವೀದನಂತೆಯೇ. ಆಮೋಸ, ಯೆಶಾಯ, ಯೆರೆಮೀಯರು ತಮ್ಮ ಜನರ ಮೇಲಿನ ಪ್ರೀತಿಯಿಂದ, ಆ ಜನರೊಳಗೇ ನಿಂತು ನುಡಿದ ಕಠಿಣ ಮಾತುಗಳನ್ನು ನಾವು ಹೊರಗಿನಿಂದ ಎತ್ತಿಕೊಂಡೆವು. ಯೆಹೂದ್ಯರ ವಿರುದ್ಧದ ದೋಷಾರೋಪಣ ಪಟ್ಟಿಯನ್ನಾಗಿ ಮಾಡಿದೆವು. ಸಂತ ಯೊವಾನ್ನ ಕ್ರಿಸೊಸ್ತೊಮರು 386–387ರಲ್ಲಿ ಅಂತಿಯೋಕ್ಯದಲ್ಲಿ ಕೊಟ್ಟ ಪ್ರಬೋಧನೆಗಳು ಇದಕ್ಕೆ ನೋವಿನ ನಿದರ್ಶನ. ಮನೆಯವನ ಅಳಲು ನೆರೆಯವನ ಬೈಗುಳವಾಯಿತು. ಆ ಬೈಗುಳದ ಫಲವನ್ನು ಯೂರೋಪಿನ ಯೆಹೂದ್ಯರು ಉಂಡರು. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಪ್ರಕಟಿಸಿದ 'ನೋಸ್ತ್ರಾ ಎತಾತೆ' ಘೋಷಣೆ, ಕ್ರಿಸ್ತರ ಮರಣದ ಹೊಣೆಯನ್ನು ಯೆಹೂದ್ಯ ಜನಾಂಗದ ಮೇಲೆ ಒಟ್ಟಾಗಿ ಹೊರಿಸಲಾಗದೆಂದು ಬೋಧಿಸಿದ್ದು ಈ ಪಾಪದ ಅರಿವಿನಿಂದ.

ಶುಲ್ಮನ್‌ರಂಥವರ ಓದಿನಲ್ಲಿ ಅದೇ ಹಳೆಯ ಪಾಪ ಹೊಸ ವೇಷದಲ್ಲಿ ಬರುವ ಅಪಾಯವಿದೆ. "ನೋಡಿ, ಅವರವರೇ ಹೇಳುತ್ತಿದ್ದಾರೆ" ಎಂದು ಒಬ್ಬ ಒಳ್ಳೆಯ ಯೆಹೂದ್ಯನನ್ನು ಮುಂದಿಟ್ಟುಕೊಂಡು ಉಳಿದವರನ್ನೆಲ್ಲ ಹಳಿಯುವುದು ಸುಲಭ. ಆದರೆ ಶುಲ್ಮನ್ ತಮ್ಮ ಜನರನ್ನು ತೊರೆದು ಹೊರಟವರಲ್ಲ. ಹೀಬ್ರೂ ಅವರ ಬಾಳಿನ ಭಾಷೆ, ಜೆರುಸಲೇಮ್ ಅವರ ಊರು. ತಮ್ಮ ಪರಂಪರೆಗೆ ಹೀಗೆಯೇ ನಿಷ್ಠನಾಗಿರಬೇಕೆಂದು ನಂಬಿ ಅವರು ಕುರುಬನ ಪಕ್ಕದಲ್ಲಿ ನಿಲ್ಲುತ್ತಾರೆ. ಅವರ ಸಾಕ್ಷ್ಯವನ್ನು ಯೆಹೂದ್ಯ ದ್ವೇಷಕ್ಕೆ ಬಳಸುವವನು ಆ ಸಾಕ್ಷ್ಯವನ್ನೇ ಕದ್ದಂತೆ.

ಇದರ ಮತ್ತೊಂದು ಮುಖವನ್ನೂ ಹೇಳಬೇಕು. ಪ್ಯಾಲೆಸ್ತೀನಿಯರ ಪ್ರತಿರೋಧದ ಜೊತೆಗೆ ನಿಲ್ಲುವುದೆಂದರೆ ಆ ಹೆಸರಿನಲ್ಲಿ ನಡೆಯುವ ಎಲ್ಲವನ್ನೂ ಆಶೀರ್ವದಿಸುವುದಲ್ಲ. 2023ರ ಅಕ್ಟೋಬರ್ 7ರಂದು ಹಮಾಸ್ ನಡೆಸಿದ ದಾಳಿಯಲ್ಲಿ ಸುಮಾರು 1,200 ಜನ ಹತರಾದರು. ಅವರಲ್ಲಿ ವಿವಿಯನ್ ಸಿಲ್ವರ್ ಒಬ್ಬರು. ಗಾಜಾದ ರೋಗಿಗಳನ್ನು ತಮ್ಮ ಕಾರಿನಲ್ಲಿ ಇಸ್ರೇಲಿನ ಆಸ್ಪತ್ರೆಗಳಿಗೆ ಕರೆದೊಯ್ಯುತ್ತಿದ್ದ, ಶಾಂತಿಗಾಗಿ ದಶಕಗಳ ಕಾಲ ದುಡಿದ ಮಹಿಳೆ. ಬಳಿಕ ಗಾಜಾದಲ್ಲಿ ಸತ್ತವರ ಸಂಖ್ಯೆ, ಅಲ್ಲಿಯ ಆರೋಗ್ಯ ಸಚಿವಾಲಯದ ಲೆಕ್ಕದಂತೆ, 60,000 ದಾಟಿದೆ. ಮುತ್ತಿಗೆಯೊಳಗೆ ಸಿಲುಕಿದ ನಮ್ಮದೇ ಪವಿತ್ರ ಕುಟುಂಬದ ದೇವಾಲಯಕ್ಕೂ 2025ರ ಜುಲೈ 17ರಂದು ಶೆಲ್ ಬಿದ್ದು ಮೂವರು ಸತ್ತರು. ಒಂದು ಸಾವನ್ನು ಮರೆಮಾಡಲು ಇನ್ನೊಂದನ್ನು ಬಳಸದಿರುವುದನ್ನು ಸಿಲ್ವರ್ ಅವರ ಮಗ ಯೋನಾತಾನ್ ಝೈಗೆನ್ ಅವರಿಂದ ಕಲಿಯಬಹುದು. ತಾಯಿಯನ್ನು ಕಳೆದುಕೊಂಡ ಮೇಲೆ ಅವರು ತಾಯಿಯ ಕೆಲಸವನ್ನೇ ಕೈಗೆತ್ತಿಕೊಂಡಿದ್ದಾರೆ.

ಶ್ರೀರಂಗಪಟ್ಟಣದಿಂದ ಓದಿದಾಗ

ಮುತ್ತಿಗೆ ಎಂಬ ಪದ ನಮ್ಮ ನೆಲಕ್ಕೆ ಹೊಸತಲ್ಲ. ಮಸಾಫರ್ ಯತ್ತಾದ ತೀರ್ಪು ಬಂದ ಮೇ 4, ಶ್ರೀರಂಗಪಟ್ಟಣದವರಿಗೆ ಬೇರೊಂದು ಕಾರಣಕ್ಕೆ ಪರಿಚಿತ. 1799ರ ಅದೇ ದಿನ ಬ್ರಿಟಿಷ್ ಪಡೆ ಕೋಟೆಯನ್ನು ಒಡೆದು ಒಳನುಗ್ಗಿತು, ಟಿಪ್ಪು ಸುಲ್ತಾನ್ ಮಡಿದನು.

ಕರ್ನಾಟಕದ ಕ್ರೈಸ್ತರು ಈ ಊರನ್ನು ನೆನೆಯುವುದು ಒಂದೇ ಬಗೆಯಲ್ಲಿ. 1784ರಲ್ಲಿ ಕೆನರಾದ ಹತ್ತಾರು ಸಾವಿರ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಇಲ್ಲಿಗೆ ತರಲಾಯಿತು. ದಾರಿಯಲ್ಲಿಯೂ ಸೆರೆಯಲ್ಲಿಯೂ ಬಹಳ ಮಂದಿ ಸತ್ತರು; ಉಳಿದವರಿಗೆ 1799ರ ನಂತರ ಬಿಡುಗಡೆಯಾಯಿತು. ಈ ನೆನಪು ಸತ್ಯ, ಅದನ್ನು ಕಾಪಾಡತಕ್ಕದ್ದು. ಆದರೆ ನಮಗೆ ಬಿಡುಗಡೆಯ ದಾರಿ ತೆರೆದ ಆ ಮೇ 4ರ ಸಂಜೆ ಮತ್ತು ರಾತ್ರಿ ಈ ಊರಿನ ಸಾಮಾನ್ಯ ಜನರಿಗೆ ಏನಾಯಿತು? ಸಾವಿರಾರು ಜನ ಸತ್ತರು. ಲೂಟಿಯಾಗದೆ ಉಳಿದ ಮನೆ ಇಲ್ಲವೆನ್ನುವಷ್ಟರ ಮಟ್ಟಿಗೆ ಪಟ್ಟಣ ಸೂರೆಯಾಯಿತೆಂದು, ಮರುದಿನ ಅದರ ಆಡಳಿತ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯೇ ಪತ್ರದಲ್ಲಿ ಒಪ್ಪಿಕೊಂಡಿದ್ದಾನೆ. ಲೂಟಿ ನಿಲ್ಲಿಸಲು ತನ್ನ ಸೈನಿಕರಲ್ಲೇ ಕೆಲವರನ್ನು ಅವನು ನೇಣಿಗೇರಿಸಬೇಕಾಯಿತು. ನಮ್ಮ ಧರ್ಮಸಭೆಯ ಕಥನಗಳಲ್ಲಿ ನಾನು ಸೆರೆಯ ವಿಷಯವನ್ನು ನೂರು ಬಾರಿ ಕೇಳಿದ್ದೇನೆ. ಆ ರಾತ್ರಿಯ ವಿಷಯವನ್ನು ಒಂದು ಬಾರಿಯೂ ಕೇಳಿಲ್ಲ, ನಾನೂ ಹೇಳಿಲ್ಲ. ನಮ್ಮ ನೋವಿನ ನೆನಪು ನಿಜವಾದಷ್ಟಕ್ಕೇ ಪರರ ನೋವಿಗೆ ಕಣ್ಣು ತೆರೆಸುವುದಿಲ್ಲ ಎಂಬುದಕ್ಕೆ ನಾನು ಹೆಬ್ರೋನಿನವರೆಗೆ ಹೋಗಬೇಕಾಗಿಲ್ಲ.

ಸ್ವಜನರ ನಡುವೆ ನಿಂತು ಪರರ ಪರವಾಗಿ ಮಾತನಾಡಿದವರು ನಮ್ಮಲ್ಲಿಯೂ ಇದ್ದರು. ಕೋಟೆ ಬಿದ್ದ ಮೇಲೆ ಇಲ್ಲಿಗೆ ಬಂದು, ಚದುರಿದ ಕ್ರೈಸ್ತರನ್ನು ಕೂಡಿಸಿ, ಗಂಜಾಮಿನಲ್ಲಿ ದೇವಾಲಯ ಕಟ್ಟಿದ ಅಬ್ಬೆ ದ್ಯುಬ್ವಾ ಸ್ವಾಮಿಯವರು 1823ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ, ಪ್ರೊಟೆಸ್ಟಂಟ್ ಮಿಷನರಿಯೊಬ್ಬರು ಹಿಂದೂ ಸ್ತ್ರೀಪುರುಷರ ಮೇಲೆ ಹೊರಿಸಿದ ಅಪವಾದಗಳಿಗೆ ಉತ್ತರ ಬರೆದರು. ಹಿಂದೂ ಸಮಾಜದ ಬಗ್ಗೆ ಕಟುವಾಗಿಯೇ ಬರೆದಿದ್ದ ಯಾಜಕನು, ಆಪಾದನೆ ಸುಳ್ಳೆಂದು ಕಂಡಾಗ ಕ್ರೈಸ್ತರ ಎದುರಿಗೇ ಅದನ್ನು ನಿರಾಕರಿಸಿದನು. ಚಿನಕುರಳಿಯಂತೆ ಪಾಂಡವಪುರ ತಾಲ್ಲೂಕಿಗೇ ಸೇರಿದ ಮೇಲುಕೋಟೆಯಲ್ಲಿ, ರಾಮಾನುಜಾಚಾರ್ಯರು ಅಸ್ಪೃಶ್ಯರೆನಿಸಿಕೊಂಡವರನ್ನು ತಿರುಕುಲದವರೆಂದು ಕರೆದು ದೇವಾಲಯದ ಬಾಗಿಲು ತೆರೆಸಿದರೆಂದು ಪರಂಪರೆ ಹೇಳುತ್ತದೆ. ಆದರೆ ಆ ಪ್ರವೇಶ ಕಾಲಕ್ರಮದಲ್ಲಿ ವರ್ಷದ ಕೆಲವೇ ದಿನಗಳಿಗೆ ಸೀಮಿತವಾಯಿತು. ಒಬ್ಬ ಆಚಾರ್ಯ ತೆರೆದ ಬಾಗಿಲನ್ನು ಅವರ ನಂತರದವರು ಪಂಚಾಂಗಕ್ಕೆ ಕಟ್ಟಿಹಾಕಿದರು. ಭಿನ್ನಮತದ ಧ್ವನಿಯನ್ನು ಕೊಂಡಾಡುತ್ತಲೇ ಅದರ ಬಿಸಿ ತಣಿಸುವ ವಿದ್ಯೆ ಎಲ್ಲ ಧರ್ಮಗಳಿಗೂ ಗೊತ್ತು.

ನಮ್ಮ ಧರ್ಮಸಭೆಗೂ ಗೊತ್ತು. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರ ಡಿಸೆಂಬರಿನಲ್ಲಿ ಪ್ರಕಟಿಸಿದ ದಲಿತ ಸಬಲೀಕರಣ ನೀತಿಯಲ್ಲಿ, ಧರ್ಮಸಭೆಯೊಳಗೇ ಅಸ್ಪೃಶ್ಯತೆಯ ಆಚರಣೆ ಉಳಿದಿದೆಯೆಂದು ಒಪ್ಪಿಕೊಂಡಿತು. 1950ರ ರಾಷ್ಟ್ರಪತಿಗಳ ಆದೇಶವು ದಲಿತ ಕ್ರೈಸ್ತರಿಗೆ ಪರಿಶಿಷ್ಟ ಜಾತಿಯ ಸ್ಥಾನವನ್ನು ನಿರಾಕರಿಸಿದ್ದನ್ನು ನಾವು ಸರಕಾರದ ಎದುರು ಗಟ್ಟಿಯಾಗಿ ಪ್ರಶ್ನಿಸುತ್ತೇವೆ. ಸರಿಯೇ. ಆದರೆ ಸ್ಮಶಾನದಲ್ಲಿ, ಮದುವೆಯ ಮಾತುಕತೆಯಲ್ಲಿ, ಗುರುಮಠದ ಊಟದ ಕೋಣೆಯ ಪಿಸುಮಾತಿನಲ್ಲಿ ಜಾತಿ ಇಣುಕಿದಾಗ ಪ್ರಶ್ನಿಸುವ ಧ್ವನಿ ಎಷ್ಟು ಗಟ್ಟಿಯಾಗಿರುತ್ತದೆ? ಅಲ್ಲಿ ಎದ್ದು ನಿಲ್ಲುವವನನ್ನು ನಾವು ಪ್ರವಾದಿ ಎನ್ನುತ್ತೇವೆಯೋ, ಮನೆಯ ಮಾನ ಕಳೆಯುವವನು ಎನ್ನುತ್ತೇವೆಯೋ? ಶುಲ್ಮನ್ ಮತ್ತು ಅವರ ಗೆಳೆಯರನ್ನು ಅವರ ಜನ ದ್ರೋಹಿಗಳೆಂದು ಕರೆದದ್ದುಂಟು. ಆ ಪದ ನಮ್ಮ ಭಾಷೆಯಲ್ಲಿಯೂ ಸಿದ್ಧವಾಗಿಯೇ ಇದೆ.

ಪ್ರಬೋಧಕನ ಕೆಲಸ

ಈ ಓದಿನಿಂದ ಯಾಜಕನಾಗುವವನಿಗೆ, ಯಾಜಕನಾದವನಿಗೆ ಎರಡು ಕೆಲಸಗಳು ಸ್ಪಷ್ಟವಾಗುತ್ತವೆ. ಮೊದಲನೆಯದು ಪೂಜಾವಿಧಿಗೆ ಸಂಬಂಧಿಸಿದ್ದು. ಕೀರ್ತನೆಗಳಲ್ಲಿ ಇಸ್ರಯೇಲ್ ಎಂಬ ಹೆಸರು ಬರುವ ಭಾನುವಾರಗಳಲ್ಲಿ ಅದರ ಅರ್ಥವನ್ನು ಜನರಿಗೆ ಬಿಡಿಸಿ ಹೇಳದಿದ್ದರೆ, ದೂರದರ್ಶನವೇ ಅದರ ಅರ್ಥವನ್ನು ಹೇಳುತ್ತದೆ. 1948ರಲ್ಲಿ ಬಾಲಕನಾಗಿ ಬೇಸಾನಿನ ಮನೆಯಿಂದ ಹೊರದೂಡಲ್ಪಟ್ಟು ಮುಂದೆ ಆಂಗ್ಲಿಕನ್ ಯಾಜಕರಾದ ನಯೀಮ್ ಅತೀಕ್, 1989ರ ತಮ್ಮ ಕೃತಿ 'ಜಸ್ಟಿಸ್ ಅಂಡ್ ಓನ್ಲಿ ಜಸ್ಟಿಸ್'ನಲ್ಲಿ ಇದೇ ಕಷ್ಟವನ್ನು ಚರ್ಚಿಸಿದ್ದಾರೆ. ಹಳೆಯ ಒಡಂಬಡಿಕೆಯ ನಾಡಿನ ವಾಗ್ದಾನ ತಮ್ಮ ಜನರ ನಾಡನ್ನು ಕಸಿಯುವ ವಾದವಾಗಿ ಬಳಕೆಯಾದಾಗ, ಪ್ಯಾಲೆಸ್ತೀನಿನ ಕ್ರೈಸ್ತರಿಗೆ ಪವಿತ್ರ ಗ್ರಂಥವನ್ನು ತೆರೆಯುವುದೇ ಕಠಿಣವಾಯಿತು. ನಾವು ಸಲೀಸಾಗಿ ಹಾಡುವ ಪದ ನಮ್ಮದೇ ವಿಶ್ವಾಸದ ಸೋದರರಿಗೆ ಹೇಗೆ ಕೇಳಿಸುತ್ತದೆಂಬುದನ್ನು ನಾವು ತಿಳಿದಿರಬೇಕು.

ಎರಡನೆಯದು, ಪ್ರವಾದಿಗಳ ವಾಚನ ಬಂದಾಗ ಮಾತನ್ನು ಬೇಲಿಯಾಚೆಗೆ ಎಸೆಯದಿರುವುದು. ಲೂಕನ ಶುಭಸಂದೇಶದ 19ನೆಯ ಅಧ್ಯಾಯದಲ್ಲಿ, ಮುತ್ತಿಗೆಗೆ ಗುರಿಯಾಗಲಿರುವ ಜೆರುಸಲೇಮನ್ನು ಕಂಡು ಯೇಸುಸ್ವಾಮಿ ಅತ್ತರು. ಶತ್ರುಗಳು ಸುತ್ತಲೂ ದಿಬ್ಬ ಕಟ್ಟಿ ಮಕ್ಕಳೊಡನೆ ನಗರವನ್ನು ನೆಲಸಮ ಮಾಡುವರೆಂದು ಅವರು ನುಡಿದದ್ದು ಕಣ್ಣೀರಿನೊಡನೆ. ಆ ವಾಕ್ಯಗಳನ್ನು ನಮ್ಮವರು ಬಹುಕಾಲ ದೇವರ ಶಿಕ್ಷೆಯ ಘೋಷಣೆಯಾಗಿ, ಕಣ್ಣೀರನ್ನು ಬಿಟ್ಟು, ಬೋಧಿಸಿದರು. ಅಳುತ್ತಿರುವವನು ಆ ಊರಿಗೆ, ಆ ಜನರಿಗೆ ಸೇರಿದವನು ಎಂಬುದನ್ನು ನೆನಪಿಟ್ಟರೆ ಇಂದಿನ ಗಾಜಾ, ಅಂದಿನ ಜೆರುಸಲೇಮ್, 1799ರ ನಮ್ಮ ಶ್ರೀರಂಗಪಟ್ಟಣ ಮೂರನ್ನೂ ಒಂದೇ ಪ್ರಬೋಧನೆಯಲ್ಲಿ ಹೇಳಲು ಸಾಧ್ಯವಾಗುತ್ತದೆ.

ಚಿನಕುರಳಿಯ ಆ ಹಿರಿಯರನ್ನು ಮತ್ತೆ ಕಂಡಾಗ ವಿಷದ ಕಾಳಿನ ಪ್ರಸಂಗವನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕುರಿಯೋನ ಜಾತಿ ಕೇಳ್ದೆ ಕುರಿ ಕಾದವ್ರೆ ಬುಡಿ" ಎಂದರು. ಮುಂದಿನ ಸಲ ಆ ಮೇ 4ರ ರಾತ್ರಿಯ ವಿಷಯವನ್ನೂ ಅವರಿಗೆ ಹೇಳಬೇಕೆಂದುಕೊಂಡಿದ್ದೇನೆ. ಅದಕ್ಕೂ ಮೊದಲು ಅದನ್ನು ಗಂಜಾಮಿನ ಕಡೆಯ ನಮ್ಮವರ ಮುಂದೆ, ಬಲಿಪೀಠದ ಬಳಿ ನಿಂತು ಹೇಳಬೇಕಾಗಿದೆ.